ಬೇಗ ಮುಗಿಸಿದ್ದಕ್ಕೆ ಇನ್ನೂ ಹತ್ತು ಲೆಕ್ಕ

ಏನಮ್ಮ, ಪುಟ್ಟಿ ಡೈರಿಯಲ್ಲಿ ಮತ್ತೆ ಕೆಂಪು ಶಾಯಿನಾ? ‘ಕ್ಲಾಸಲ್ಲಿ ಮಾತು ಜಾಸ್ತಿ’ ಅಂತ ತಾನೇ? ಅಲ್ಲ, ಐದು ನಿಮಿಷಕ್ಕೆ ಲೆಕ್ಕ ಮುಗಿಸಿದ ಮಗು ಉಳಿದ ಅರ್ಧ ಗಂಟೆ ಬಾಯಿ ಹೊಲ್ಕೊಂಡು ತಪಸ್ಸು ಮಾಡುತ್ತಾ?

ಮಿಸ್ಸು ಏನ್ಮಾಡ್ತಾರೆ? ಬೇಗ ಮುಗಿಸಿದೆಯಾ, ತಗೋ, ಅಂಥದ್ದೇ ಇನ್ನೂ ಹತ್ತು. ಬಹುಮಾನವೋ ಶಿಕ್ಷೆಯೋ ಅದು? ಮಾರನೇ ದಿನದಿಂದ ಪುಟ್ಟಿ ಕಲಿಯೋ ಪಾಠ ಒಂದೇ: ನಿಧಾನವಾಗಿ ಮುಗಿಸೋದು. ಹಾಗಂತ ಮಿಸ್ಸನ್ನ ಬೈಯೋಕೂ ಆಗಲ್ಲ. ನಲವತ್ತು ಮಕ್ಕಳು, ಪೋರ್ಷನ್ ಮುಗಿಸೋ ಗಡಿಬಿಡಿ, ಅವರೂ ಎಷ್ಟು ಅಂತ ನೋಡ್ಕೋತಾರೆ!

ನಮ್ಮ ಕಾಲದಲ್ಲಾದ್ರೆ ಡಬಲ್ ಪ್ರಮೋಷನ್ ಇತ್ತು. ಹೆಡ್‌ಮಾಸ್ಟರು ಮನಸ್ಸು ಮಾಡಿದ್ರೆ ಮೂರರಿಂದ ಐದಕ್ಕೆ ಒಂದೇ ನೆಗೆತ. ಕೆಲವರಿಗೆ ಚೆನ್ನಾಗೇ ಒಗ್ತಿತ್ತು. ಇನ್ನು ಕೆಲವರು ದೊಡ್ಡ ಹುಡುಗರ ಮಧ್ಯೆ ಆಟಕ್ಕುಂಟು ಲೆಕ್ಕಕ್ಕಿಲ್ಲ.

ಸರ್ಕಾರಿ ಶಾಲೆಯ ನಲಿಕಲಿ ನೋಡಿದೀಯಾ? 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿದ್ದು, ರಿಷಿ ವ್ಯಾಲಿಯವರ ಪದ್ಧತಿ ನೋಡ್ಕೊಂಡು. ಅಲ್ಲಿ ಕಲಿಕೆಯ ಏಣಿ ಇರುತ್ತೆ. ಒಂದು ಮೈಲಿಗಲ್ಲು ದಾಟಿದ ಮಗು ಮುಂದಿನದಕ್ಕೆ ಹೋಗ್ತಿರಬಹುದು, ಇಡೀ ಕ್ಲಾಸು ಬರಲಿ ಅಂತ ಕಾಯಬೇಕಿಲ್ಲ. ಏನ್ ಪ್ರಯೋಜನ, ಮೂರನೇ ಕ್ಲಾಸಿಗೇ ಅದು ಮುಗೀತು. ನಾಲ್ಕರಿಂದ ಮತ್ತೆ ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ.

ಕೋಚಿಂಗಾ? ಬೇಡಮ್ಮ. ಆರನೇ ಕ್ಲಾಸಿಗೇ ಐಐಟಿ ಫೌಂಡೇಶನ್ ಅಂದ್ರೆ ನಾಳೆಯ ಪಾಠನ ಇವತ್ತೇ ಉರು ಹೊಡೆಯೋದು, ಅಷ್ಟೇ. ಪುಟ್ಟಿಗೆ ಒಂಬತ್ತರ ಮಗ್ಗಿ ಬರುತ್ತಲ್ಲ? ಹದಿನೆಂಟು, ಇಪ್ಪತ್ತೇಳು, ಮೂವತ್ತಾರು, ಯಾವುದರ ಅಂಕಿ ಕೂಡಿದ್ರೂ ಒಂಬತ್ತೇ ಯಾಕೆ, ಎಂಟರ ಮಗ್ಗಿಯಲ್ಲಿ ಹಾಗ್ಯಾಕಾಗಲ್ಲ ಅಂತ ಕೇಳು. ವಾರಪೂರ್ತಿ ತಲೆ ಕೆರ್ಕೋತಾಳೆ.

ರಾಮಾನುಜನ್‌ಗೂ ಹಾಗೇ ಆಗಿದ್ದು. 1903ರಲ್ಲಿ, ಕುಂಭಕೋಣಂನಲ್ಲಿ, ಕಾರ್ ಅನ್ನೋರ ಪುಸ್ತಕ ಕೈಗೆ ಬಿತ್ತು. ಸಾವಿರಾರು ಸೂತ್ರ, ವಿವರಣೆ ಮಾತ್ರ ಅಲ್ಪ. ಹುಡುಗ ತಾನೇ ಕಾರಣ ಹುಡುಕ್ತಾ ಕೂತ. ಆದ್ರೆ ಕಾಲೇಜಲ್ಲಿ ಗಣಿತ ಒಂದನ್ನೇ ಹಿಡ್ಕೊಂಡು ಬೇರೆ ವಿಷಯದಲ್ಲಿ ಫೇಲಾಗಿ ಸ್ಕಾಲರ್‌ಶಿಪ್ ಕಳ್ಕೊಂಡ. ಪುಟ್ಟಿ ಕನ್ನಡ, ಸಮಾಜನೂ ಬಿಡದ ಹಾಗೆ ನೋಡ್ಕೋ.

ಶನಿವಾರ ಪೇರೆಂಟ್ಸ್ ಮೀಟಿಂಗಲ್ಲಿ ಜಗಳ ತೆಗೀಬೇಡ. ‘ನಮ್ಮ ಮಗು ಜೀನಿಯಸ್ಸು’ ಅಂತಲೂ ಶುರು ಮಾಡ್ಬೇಡ, ಅಲ್ಲಿಗೆ ಬರೋರೆಲ್ಲರ ಮಕ್ಕಳೂ ಜೀನಿಯಸ್ಸೇ. ಎರಡೇ ಮಾತು ಕೇಳು: ಗೊತ್ತಿರೋ ಲೆಕ್ಕ ಹತ್ತರ ಬದಲು ಕಷ್ಟದ್ದು ಒಂದು ಕೊಡಿ, ಅದೂ ಮುಗಿದ್ರೆ ಲೈಬ್ರರಿ ಪುಸ್ತಕ ಓದೋಕೆ ಬಿಡಿ. ಇದಕ್ಕೆ ಫೀಸೂ ಬೇಡ, ಸರ್ಕಾರದ ಆದೇಶವೂ ಬೇಡ.