ಗ್ಲೋವ್ ಬಾಕ್ಸ್ ಮಾಮ

ಕಾರವಾರದ ಕೋಡಿಬಾಗದಿಂದ ಅಂಕೋಲೆಯ ಕೇಣಿಯ ತನಕ ಯಾವ ಕೇರಿಗೆ ಹೋದರೂ ಇಂಥ ಒಬ್ಬ ಮಾಮ ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದಲೋ, ಕೈಗಾದಿಂದಲೋ, ನೌಕಾನೆಲೆಯಿಂದಲೋ ನಿವೃತ್ತರಾದವರು. ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ. ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ವಾಕಿಂಗ್, ಬರುವಾಗ ಪೇಟೆಯಲ್ಲಿ ಬಂಗಡೆಯ ದರ ವಿಚಾರಣೆ, ಒಂಬತ್ತು ಗಂಟೆಗೆ ಅವತ್ತಿನ ಕೆಲಸವೆಲ್ಲ ಮುಗಿದು ಹೋಯಿತು. ಇಂಥವರ ಮನೆಯಲ್ಲಿ ಒಂದು ಸ್ಕ್ರೂಡ್ರೈವರ್ ಸೆಟ್ ಇದ್ದರೆ ಓಣಿಯ ಕಾರುಗಳಿಗೆ ಕ್ಷೇಮವಿಲ್ಲ.

ಗುರುತು ಹಿಡಿಯುವುದು ಸುಲಭ. ಮಾತಾಡಿಸಲು ಹೋದವರಿಗೆ ಮುಖ ಕಾಣುವುದಿಲ್ಲ, ಕಾಲು ಕಾಣುತ್ತವೆ. ಕಾರಿನ ಎಡಬಾಗಿಲು ತೆರೆದಿರುತ್ತದೆ, ಲುಂಗಿ ಮೊಣಕಾಲಿಗೇರಿರುತ್ತದೆ, ಗ್ಲೋವ್ ಬಾಕ್ಸ್ ಕಳಚಿ ಅಂಗಳದಲ್ಲಿ ಬಿದ್ದಿರುತ್ತದೆ, ಅದಿದ್ದ ಜಾಗದಲ್ಲಿ ಮಾಮನ ತಲೆ ಹೊಕ್ಕಿರುತ್ತದೆ. ಒಳಗಿನಿಂದ ಅಪ್ಪಣೆ ಬರುತ್ತದೆ: "ಟಾರ್ಚು ಸ್ವಲ್ಪ ಈಚೆ ಹಿಡಿ ತಮಾ. ನನ್ನ ಕಣ್ಣಿಗಲ್ಲ, ಮೋಟಾರಿಗೆ!"

ಪಕ್ಕದ ಮನೆಯ ಹುಡುಗ ಕಾರು ತಂದು ನಿಲ್ಲಿಸಿ, "ಮಾಮ, ಎಸಿ ಗಾಳಿ ಮುಖಕ್ಕೆ ಬರೂದಿಲ್ಲ, ಬರೀ ಕಾಲಿಗೆ ಹೋಗ್ತದೆ, ಗ್ಯಾಸ್ ಹಾಕಿಸ್ಲಾ?" ಎಂದನೋ, ಮಾಮನ ಮುಖ ಕೆಂಪಗಾಗುತ್ತದೆ.

"ಎಲ್ಲದಕ್ಕೂ ಗ್ಯಾಸೇ ನಿಮಗೆ! ಹೊಟ್ಟೆ ನೋವಾದ್ರೂ ಗ್ಯಾಸು, ಕಾರು ಬಿಸಿಯಾದ್ರೂ ಗ್ಯಾಸು. ಗ್ಯಾಸ್ ಕಮ್ಮಿಯಾದ್ರೆ ತಂಪು ಹೋಗ್ತದೆ ಮಾರಾಯಾ. ಮುಖಕ್ಕೆ ಬರೂ ಗಾಳಿ ಕಾಲಿಗೆ ಹೇಗೆ ಹೋಗ್ತದೆ? ಇಗ್ನಿಷನ್ ಹಾಕು. ಬಾಯಿ ಮುಚ್ಚು. ಕೇಳು."

ಡ್ಯಾಶ್‌ಬೋರ್ಡಿನ ಹಿಂದೆ ಟಕ್ ಟಕ್ ಟಕ್ ಎಂದು ಸಣ್ಣ ಸದ್ದು. ಮಾಮನಿಗೆ ಅದನ್ನು ಕೇಳಿದರೆ ಯಕ್ಷಗಾನದ ಚಂಡೆ ಕೇಳಿದಷ್ಟು ಸಂತೋಷ.

ಇಲ್ಲಿ ಮಾಮನ ಪರವಾಗಿ ನಾಲ್ಕು ಮಾತು ಹೇಳಲೇಬೇಕು. ಸದ್ದಿನ ವಿಷಯದಲ್ಲಿ ಅವರು ಸಾಮಾನ್ಯವಾಗಿ ತಪ್ಪುವುದಿಲ್ಲ. ಕಾರಿನ ಎಸಿ ಪೆಟ್ಟಿಗೆಯೊಳಗೆ ಸಣ್ಣ ಸಣ್ಣ ಕದಗಳಿರುತ್ತವೆ. ಒಂದು, ಗಾಳಿಯನ್ನು ಹೊರಗಿನಿಂದ ತರಬೇಕೋ ಒಳಗಿನದನ್ನೇ ತಿರುಗಿಸಬೇಕೋ ಎಂದು ನಿರ್ಧರಿಸುವುದು. ಇನ್ನೊಂದು, ಬಿಸಿ-ತಂಪು ಬೆರೆಸುವುದು. ಮತ್ತೊಂದು, ಮುಖಕ್ಕೆ, ಕಾಲಿಗೆ, ಮುಂದಿನ ಗಾಜಿಗೆ ಗಾಳಿ ಹಂಚುವುದು. ಹಳೆಯ ಕಾರುಗಳಲ್ಲಿ ಇವನ್ನು ತಂತಿಯ ಕೇಬಲ್ ಎಳೆಯುತ್ತಿತ್ತು. ಆಟೊಮ್ಯಾಟಿಕ್ ಎಸಿ ಬಂದ ಮೇಲೆ ಪ್ರತಿ ಕದಕ್ಕೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೋಟಾರು. ಅದರೊಳಗೆ ಪ್ಲಾಸ್ಟಿಕ್ ಗಿಯರುಗಳು, ಜೊತೆಗೆ ಕದ ಎಷ್ಟು ತೆರೆದಿದೆ ಎಂದು ಕಂಪ್ಯೂಟರಿಗೆ ವರದಿ ಒಪ್ಪಿಸುವ ಒಂದು ಪೊಟೆನ್ಷಿಯೋಮೀಟರು. ಗಿಯರಿನ ಎರಡು ಹಲ್ಲು ಮುರಿದವೆಂದರೆ ಮೋಟಾರು ತಿರುಗುತ್ತದೆ, ಕದ ತಿರುಗುವುದಿಲ್ಲ. ಕಂಪ್ಯೂಟರು ಮಾತ್ರ ತಳ್ಳು, ಇನ್ನೂ ತಳ್ಳು ಎನ್ನುತ್ತಲೇ ಇರುತ್ತದೆ. ಟಕ್ ಟಕ್ ಎನ್ನುವುದು ಆ ಜಗಳದ ಸದ್ದು.

ಮಾಮ ಮೊದಲು ಬ್ಯಾಟರಿಯ ನೆಗೆಟಿವ್ ವೈರು ಕಳಚಿ ಕೆಲವು ನಿಮಿಷ ಕಾಯುತ್ತಾರೆ, ಎಡಗಡೆಯ ಏರ್‌ಬ್ಯಾಗು ಗ್ಲೋವ್ ಬಾಕ್ಸಿನ ಮೇಲೇ ಇರುವುದರಿಂದ. ಈ ಶಿಸ್ತು ಮೆಚ್ಚಬೇಕಾದ್ದೇ. ಆ ಬಿಡುವಿನಲ್ಲಿ ಇತಿಹಾಸದ ಪಾಠ ಕೇಳಬೇಕಾಗುವುದು ಮಾತ್ರ ಕಷ್ಟ. 1939ರ ಕೊನೆಗೆ ಅಮೆರಿಕದ ಪ್ಯಾಕಾರ್ಡ್ ಕಂಪನಿ ಕಾರಿಗೆ ಎಸಿ ಕೂಡಿಸಿತು, ಅದು ಡಿಕ್ಕಿಯ ಅರ್ಧ ಜಾಗ ತಿನ್ನುತ್ತಿತ್ತು, ಬೇಡವೆಂದರೆ ಇಳಿದು ಹೋಗಿ ಬೆಲ್ಟ್ ಕಳಚಬೇಕಿತ್ತು; 1964ರ ಕ್ಯಾಡಿಲಾಕಿನಲ್ಲಿ ಬೇಕಾದ ಉಷ್ಣತೆ ಇಟ್ಟು ಸುಮ್ಮನೆ ಕೂರುವ ವ್ಯವಸ್ಥೆ ಬಂತು. "ಇದೆಲ್ಲ ಯಾಕೆ ಬೇಕಿತ್ತು? ಅಂಬಾಸಡರಿಗೆ ತ್ರಿಕೋನದ ಗಾಜು ಇತ್ತು. ಹೆಬ್ಬೆರಳಲ್ಲಿ ದೂಡಿದ್ರೆ ಸಮುದ್ರದ ಗಾಳಿ ನೇರ ಮೂಗಿಗೆ. ಯಾವ ಮೋಟಾರೂ ಕೆಡ್ಲಿಲ್ಲ." ಮಾಮ ಇದನ್ನು ಹೇಳುವುದು ಎಸಿ ಹಾಕಿದ ಸ್ವಂತ ಕಾರಿಗೆ ಒರಗಿಕೊಂಡು.

ಆಮೇಲೆ ಜಗಲಿಯಲ್ಲಿ ದಿನಪತ್ರಿಕೆ ಹಾಸಿ ಮೋಟಾರಿನ ಹೊಟ್ಟೆ ಬಿಚ್ಚುತ್ತಾರೆ. ಐದು ಪಿನ್ನುಗಳು: ಎರಡು ಮೋಟಾರಿಗೆ, ಮೂರು ಪೊಟೆನ್ಷಿಯೋಮೀಟರಿಗೆ. ಮೋಟಾರಿನ ಎರಡಕ್ಕೆ ಒಂಬತ್ತು ವೋಲ್ಟಿನ ಬ್ಯಾಟರಿ ತಾಗಿಸಿದರೆ ಕಿರ್ರ್ ಎಂದು ತಿರುಗುತ್ತದೆ, ತಿರುಗುಮುರುಗು ತಾಗಿಸಿದರೆ ಹಿಂದಕ್ಕೆ. ಗಿಯರು ಗಟ್ಟಿಯಿದ್ದರೆ ಕಪ್ಪು ಹಿಡಿದ ಪೊಟೆನ್ಷಿಯೋಮೀಟರ್ ಪಟ್ಟಿಯನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ಒರೆಸಿ, ಬೆರಳ ತುದಿಯಷ್ಟು ಬಿಳಿ ಗ್ರೀಸು ಸವರಿ ಮುಚ್ಚುತ್ತಾರೆ. ಉಪ್ಪುಗಾಳಿಗೆ ಪಿನ್ನುಗಳು ಹಸಿರುಗಟ್ಟಿರುವುದೂ ಉಂಟು, ಕರಾವಳಿಯ ಕಾರಲ್ಲವೇ. ಇಷ್ಟಕ್ಕೇ ಸರಿಹೋದ ಕಾರುಗಳು ಓಣಿಯಲ್ಲಿವೆ. ವರ್ಕ್‌ಶಾಪಿನವರು ಇದನ್ನು ಬಿಚ್ಚಿ ಕೂರುವುದಿಲ್ಲ, ಮೋಟಾರನ್ನೇ ಬದಲಿಸುತ್ತಾರೆ. ಅವರ ಲೆಕ್ಕವೂ ತಪ್ಪಲ್ಲ. ಅವರ ಬಳಿ ಮಾಮನಷ್ಟು ಸಮಯ ಎಲ್ಲಿಂದ ಬರಬೇಕು?

ಕೆಲವೊಮ್ಮೆ ಮೋಟಾರು ನಿರಪರಾಧಿ. ಕದಕ್ಕೇ ಏನೋ ಸಿಕ್ಕಿಕೊಂಡಿರುತ್ತದೆ. ಗಾಜಿನ ಬುಡದ ಕಿಂಡಿಯಿಂದ ಒಳಗಿಳಿದ ಪೆನ್ನು, ನಾಣ್ಯ, ಹಟ್ಟಿಕೇರಿ ಟೋಲಿನ ಹಳೆಯ ಚೀಟಿ, ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಂದ ಇಲಿ ಕೂಡಿಟ್ಟ ಶೇಂಗಾ ಸಿಪ್ಪೆ. ಎಲ್ಲಕ್ಕಿಂತ ಹೆಚ್ಚು, ಡ್ಯಾಶ್‌ಬೋರ್ಡಿನ ಇಡಗುಂಜಿ ಗಣಪತಿಗೆ ಏರಿಸಿ ಒಣಗಿದ ಅಬ್ಬಲಿಗೆ ಹೂವು. ಮಾಮ ಇಕ್ಕಳದಲ್ಲಿ ಅದನ್ನು ಹಿಡಿದೆತ್ತಿ, "ವಿಘ್ನನಿವಾರಕನದೇ ವಿಘ್ನ ನೋಡು" ಎಂದು ಎಲ್ಲರಿಗೂ ತೋರಿಸುತ್ತಾರೆ. ಆ ಹೊತ್ತಿಗೆ ಮಾಮಿ ಒಳಗಿನಿಂದ, ಮಿಕ್ಸಿ ಬಿಚ್ಚಿಟ್ಟದ್ದು ಹಾಗೇ ಇದೆ ಎಂದು ನೆನಪಿಸುತ್ತಾರೆ. ಮಿಕ್ಸಿಯಲ್ಲಿ ಕಂಪ್ಯೂಟರಿಲ್ಲ, ಆದ್ದರಿಂದ ಮಾಮನಿಗೆ ಅದರಲ್ಲಿ ಆಸಕ್ತಿಯಿಲ್ಲ.

ಎಲ್ಲ ಮೊದಲಿನಂತೆ ಕೂಡಿಸಿದ ಮೇಲೆ ಕೈಯಲ್ಲಿ ಒಂದು ಸ್ಕ್ರೂ ಉಳಿಯುತ್ತದೆ. ಉಳಿಯದಿದ್ದ ಉದಾಹರಣೆಯಿಲ್ಲ. "ಕಂಪನಿಯವ್ರು ಒಂದು ಹೆಚ್ಚೇ ಹಾಕಿರ್ತಾರೆ" ಎಂದು ಅದನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಾರೆ. ಬ್ಯಾಟರಿ ಕಳಚಿದ್ದಕ್ಕೆ ಗಡಿಯಾರ ಹನ್ನೆರಡಕ್ಕೆ ಮರಳಿರುತ್ತದೆ, ಅದನ್ನು ಸರಿಪಡಿಸುವುದು ಮಾಮನ ಅಂತಸ್ತಿಗೆ ತಕ್ಕ ಕೆಲಸವಲ್ಲ. ಕೇರಿಯಲ್ಲಿ ಯಾವ್ಯಾವ ಕಾರು ಮಾಮನ ಕೈ ದಾಟಿ ಬಂದಿದೆ ಎಂದು ತಿಳಿಯಲು ಕಿಟಕಿಯಿಂದ ಗಡಿಯಾರ ನೋಡಿದರೆ ಸಾಕು.

ಮಾಮನಿಗೂ ಸೋಲಿದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಮೋಟಾರಿನೊಳಗೇ ಚಿಪ್ ಕೂತಿರುತ್ತದೆ. ವೈರು ಮೂರೇ: ಒಂದು ವಿದ್ಯುತ್ತಿಗೆ, ಒಂದು ಅರ್ತಿಗೆ, ಮೂರನೆಯದು ಕಂಪ್ಯೂಟರಿನೊಡನೆ ಮಾತಿಗೆ. ಬ್ಯಾಟರಿ ತಾಗಿಸಿದರೆ ಅದು ಮಾಮನ ಮಾತು ಕೇಳುವುದಿಲ್ಲ. ಇನ್ನು ಕೆಲವು ಕಾರುಗಳಲ್ಲಿ ಮೋಟಾರು ಡ್ಯಾಶ್‌ಬೋರ್ಡಿನ ನಟ್ಟನಡುವೆ ಅಡಗಿರುತ್ತದೆ, ಇಡೀ ಡ್ಯಾಶ್‌ಬೋರ್ಡ್ ಇಳಿಸದೆ ಕೈ ತಲುಪದು. ಆಗ ಮಾಮ ಗಂಟಲು ಸರಿಮಾಡಿಕೊಂಡು, "ಇದಕ್ಕೆ ಹುಬ್ಬಳ್ಳಿಗೇ ಹೋಗ್ಬೇಕು" ಎನ್ನುತ್ತಾರೆ. ಸಾಧ್ಯವಿಲ್ಲ ಎಂಬುದನ್ನು ಅವರು ಹೇಳುವ ರೀತಿ ಅದು.

ಇಷ್ಟು ಚಿಕ್ಕ ಕದಕ್ಕೆ ಇಷ್ಟು ಗಲಾಟೆ ಯಾಕೆ ಎನ್ನುವವರು ಜುಲೈನಲ್ಲಿ ಕಾರವಾರದಿಂದ ಅಂಕೋಲೆಗೆ ಬಂದು ನೋಡಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು. ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಕಾರು ಹತ್ತಿ, ಬಿಣಗಾ ಕಡೆಯ ಸುರಂಗದಲ್ಲಿ ಹೊಗೆ ಬೇಡವೆಂದು ಒಳಗಾಳಿಯ ಗುಂಡಿ ಒತ್ತಿ, ಆ ಕದ ಅಲ್ಲೇ ಕಚ್ಚಿಕೊಂಡಿತೆಂದರೆ, ಎಲ್ಲರ ಉಸಿರಿನ ತೇವ ಗಾಜಿಗೆ ಮೆತ್ತಿ ಎದುರಿನ ಲಾರಿ ಬರೀ ಎರಡು ದೀಪವಾಗುತ್ತದೆ. ಗಾಜಿಗೆ ಗಾಳಿ ಹಂಚುವ ಕದವೂ ಕೆಟ್ಟಿದ್ದರೆ ಹೆಂಡತಿಯ ಸೆರಗೇ ಗತಿ. ಹೆದ್ದಾರಿ 66ರಲ್ಲಿ ಕಣ್ಣು ಕಾಣದೆ ಕಾರು ಓಡಿಸಿದವರಿಗೆ ಮಾಮನ ಮೇಲೆ ಗೌರವ ತಾನಾಗಿ ಬರುತ್ತದೆ.

ಓದುಗರು ಮೇ ಮುಗಿಯುವುದರೊಳಗೆ ಒಂದು ಪರೀಕ್ಷೆ ಮಾಡಬಹುದು. ಇಂಜಿನ್ ಬೇಡ, ಫ್ಯಾನೂ ಬೇಡ. ಇಗ್ನಿಷನ್ ಮಾತ್ರ ಹಾಕಿ ಒಳಗಾಳಿ-ಹೊರಗಾಳಿಯ ಗುಂಡಿ ಒತ್ತಿ, ಗ್ಲೋವ್ ಬಾಕ್ಸಿಗೆ ಕಿವಿಗೊಡಿ. ಸಣ್ಣಗೆ ಸುಯ್ಯೆಂದು ತಿರುಗಿ ನಿಂತರೆ ಕದ ಚೆನ್ನಾಗಿದೆ. ಟಕ್ ಟಕ್ ಎಂದರೆ ಮಳೆಗೆ ಮುಂಚೆಯೇ ರಿಪೇರಿ ಮಾಡಿಸಿ, ಮಾಮನಲ್ಲೋ ಗ್ಯಾರೇಜಿನಲ್ಲೋ ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಗಣಪತಿಗೆ ಹೂವು ಏರಿಸುವುದಾದರೆ ದಾರದಲ್ಲಿ ಕಟ್ಟಿದ ಮಾಲೆಯನ್ನೇ ಏರಿಸಿ, ಬಿಡಿ ಹೂವು ಬೇಡ.