ಎಳೆಯ ಹಗ್ಗಧಾರಿಗಳ ವಿನಿಮಯ ಮೌಲ್ಯ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲಿಗೇ ನಾಲ್ಕು ಮಾತು ಹೇಳಿ ಮುಗಿಸಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಯಾವುದು, ಪ್ರಯೋಜನವೇನು, ಸಂಬಂಧ ಎಂಥದು, ಓದಲು ಅಧಿಕಾರಿ ಯಾರು. ವಿಷಯ, ಅಡಿಕೆ ಕೊಯ್ಲಿನಲ್ಲಿ ಮರದ ಬುಡದಲ್ಲಿ ನಿಂತು ಹಗ್ಗ ಹಿಡಿಯುವ ಹುಡುಗ. ಅವನನ್ನು ಒಂದು ಮನೆಯವರು ಇನ್ನೊಂದು ಮನೆಯವರಿಗೆ ಬಿಟ್ಟುಕೊಡುವಾಗ ಬದಲಿಗೆ ಏನು ಕೇಳಬೇಕು ಎಂಬುದು. ಪ್ರಯೋಜನ, ಅಡಿಕೆ ಹಣ್ಣಾಗಿ ಉದುರುವ ಮೊದಲು ಅದರ ಗೊಂಚಲು, ಎಂದರೆ ಕೊನೆ, ಅಂಗಳಕ್ಕೆ ಬರುವುದು. ಸಂಬಂಧ, ಹುಡುಗನಿಗೂ ನಮಗೂ ಹೋದ ವರ್ಷದವರೆಗೆ ಚೆನ್ನಾಗಿತ್ತು. ಅಧಿಕಾರಿ ಯಾರೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಒಂದೆರಡು ಎಕರೆ ತೋಟ, ಬೆಂಗಳೂರಿನಲ್ಲಿ ಒಬ್ಬ ಮಗ ಮತ್ತು ಮೆಟ್ಟಿಲು ಕಂಡರೂ ನೋಯುವ ಮಂಡಿ, ಈ ಮೂರೂ ಇರುವವರು.

ಶೃಂಗೇರಿಯಲ್ಲಿ ಪ್ರತಿವರ್ಷ ಭಾದ್ರಪದದ ಚೌತಿಯ ಹೊತ್ತಿಗೆ ವಾಕ್ಯಾರ್ಥ ಸಭೆ ಕೂಡುತ್ತದೆ. ನ್ಯಾಯ, ಮೀಮಾಂಸೆ, ವ್ಯಾಕರಣಗಳಲ್ಲಿ ಪಳಗಿದ ವಿದ್ವಾಂಸರು ದೇಶದ ನಾನಾ ಕಡೆಯಿಂದ ಬರುತ್ತಾರೆ. ಅದರ ಬೆನ್ನಿಗೇ ಮೊದಲ ಕೊಯ್ಲು ಶುರುವಾಗುವ ಊರಿನಲ್ಲಿ ಈ ವಿಷಯಕ್ಕೊಂದು ಗ್ರಂಥವಿಲ್ಲದಿರುವುದು ಲೋಪವೆಂದು ಬಗೆದು ಮುಂದಿನದನ್ನು ಬರೆದಿದೆ.

ಮೊದಲು ಲಕ್ಷಣ. ‘ಮರದ ಕೆಳಗೆ ನಿಂತು ಮೇಲೆ ನೋಡುವವನು ಹಗ್ಗಧಾರಿ’ ಎಂದರೆ ಅತಿವ್ಯಾಪ್ತಿ. ತೋಟದ ಯಜಮಾನನೂ ಅದನ್ನೇ ಮಾಡುತ್ತಾನೆ, ಫೋನಿಗೆ ಸಿಗ್ನಲ್ ಹುಡುಕುವ ಅವನ ಅಳಿಯನೂ ಮಾಡುತ್ತಾನೆ. ‘ಹಗ್ಗ ಹಿಡಿದವನು’ ಎಂದರೆ ದನ ಹೊಡೆದುಕೊಂಡು ಹೋಗುವವರೆಲ್ಲ ಬಂದುಬಿಡುತ್ತಾರೆ. ‘ಜಾರಿ ಬಂದ ಕೊನೆಯನ್ನು ಒಂದು ಕಾಯೂ ಉದುರದಂತೆ, ಗೊಣಗದೆ, ದಿನವಿಡೀ ಇಳಿಸಿಕೊಳ್ಳುವವನು’ ಎಂದರೆ ಅಸಂಭವ ದೋಷ. ಆದ್ದರಿಂದ ‘ಗೊಣಗದೆ’ ಎಂಬ ಪದವನ್ನು ತೆಗೆದು, ‘ಒಂದು ಕಾಯೂ’ ಎಂಬಲ್ಲಿ ‘ಒಂದು ಬುಟ್ಟಿಗಿಂತ ಹೆಚ್ಚು ಕಾಯಿ’ ಎಂದು ತಿದ್ದಿಕೊಂಡರೆ ಲಕ್ಷಣ ನಿಲ್ಲುತ್ತದೆ.

ಕರಾವಳಿಯವರಿಗೆ, ಪೇಟೆಯವರಿಗೆ ಈ ಕೆಲಸದ ಸೂಕ್ಷ್ಮ ತಿಳಿಯದು. ಕರಾವಳಿಯಲ್ಲಿ ಅಡಿಕೆ ಹಣ್ಣಾದ ಮೇಲೆ ಕೊಯ್ದು ಒಣಗಿಸುತ್ತಾರೆ. ನಮ್ಮದು ಕೆಂಪಡಿಕೆ, ಹಸಿರಿರುವಾಗಲೇ ಕೊಯ್ದು, ಸುಲಿದು, ಚೊಗರೆಂಬ ಅಡಿಕೆಯ ಕಷಾಯದಲ್ಲಿ ಬೇಯಿಸಬೇಕು. ಬಲಿತ ಕೊನೆ, ಎಳೆ ಕೊನೆ ಯಾವುದೆಂದು ನಲವತ್ತು ಐವತ್ತು ಅಡಿ ಮೇಲೆ ಕೊನೆಗಾರ ನೋಡುತ್ತಾನೆ. ಕತ್ತರಿಸಿದ ಕೊನೆಯನ್ನು ಹಗ್ಗಕ್ಕೆ ಸಿಕ್ಕಿಸಿ ಬಿಡುತ್ತಾನೆ. ಹಗ್ಗದ ಇನ್ನೊಂದು ತುದಿ ಕೆಳಗೆ, ಮರದಿಂದ ಒಂದಿಷ್ಟು ದೂರದಲ್ಲಿ ಹುಡುಗನ ಕೈಯಲ್ಲಿ. ಹಗ್ಗ ಬಿಗಿಯಾಗಿದ್ದರೆ ಕೊನೆ ಸುಯ್ಯೆಂದು ಬರುತ್ತದೆ. ಹತ್ತಿರ ಬಂದ ಗಳಿಗೆಗೆ ಸರಿಯಾಗಿ ಸಡಿಲ ಬಿಟ್ಟರೆ ಮೆಲ್ಲಗೆ ನಿಲ್ಲುತ್ತದೆ. ಬೇಗ ಸಡಿಲಬಿಟ್ಟರೆ ನಡುದಾರಿಯಲ್ಲಿ ಕೊನೆ ನೆಲಕ್ಕೆ ಬಡಿದು ಕಾಯಿ ಕಾಲುವೆಗೆ ಹಾರುತ್ತದೆ. ತಡಮಾಡಿದರೆ ಎದೆಗೆ ಬರುತ್ತದೆ. ಇಡೀ ಶಾಸ್ತ್ರ ಈ ಅರೆಕ್ಷಣದ ಮೇಲೆ ನಿಂತಿದೆ.

ಇಲ್ಲೊಬ್ಬ ಪೂರ್ವಪಕ್ಷಿ ಎದ್ದು ಕೇಳುತ್ತಾನೆ: ಮೇಲೆ ಹತ್ತುವ ಕೊನೆಗಾರನ ಬೆಲೆ ಕಟ್ಟುವುದು ಬಿಟ್ಟು ಕೆಳಗೆ ನಿಂತ ಹುಡುಗನ ಬೆಲೆ ಏಕೆ? ಉತ್ತರ: ಕೊನೆಗಾರನ ಬೆಲೆಯನ್ನು ಕೊನೆಗಾರನೇ ಹೇಳುತ್ತಾನೆ, ನಾವು ತಲೆಯಾಡಿಸುತ್ತೇವೆ, ಅದರಲ್ಲಿ ಮೀಮಾಂಸೆಗೆ ಜಾಗವಿಲ್ಲ. ಹಗ್ಗದ ಹುಡುಗ ಮಾತ್ರ ನಾಲ್ಕಾರು ವರ್ಷದಲ್ಲಿ ಮರ ಹತ್ತಬಹುದು, ಹತ್ತದೆಯೂ ಇರಬಹುದು, ಮಂಗಳೂರಿನ ಹೋಟೆಲಿಗೆ ಹೋಗಿಬಿಡಲೂಬಹುದು. ಸಂಶಯವಿದ್ದಲ್ಲೇ ಶಾಸ್ತ್ರ. (ಹುಡುಗನಿಗೆ ಹದಿನೆಂಟು ತುಂಬಿರಬೇಕು. ಇದರಲ್ಲಿ ಸಂಶಯವಿಲ್ಲ, ಆದ್ದರಿಂದ ಶಾಸ್ತ್ರವೂ ಇಲ್ಲ.)

ಇದೇ ವಿದ್ಯೆಯ ಒಂದು ಒಣ ಶಾಖೆ ಅಮೆರಿಕದಲ್ಲಿದೆ. ಅಲ್ಲಿನ ಫುಟ್‌ಬಾಲನ್ನು ಬಹುಪಾಲು ಕೈಯಲ್ಲೇ ಆಡುತ್ತಾರೆ. ದೂರದಿಂದ ಎಸೆದ ಚೆಂಡನ್ನು ಓಡುತ್ತ ಹಿಡಿಯುವವನಿಗೆ ರಿಸೀವರ್ ಎಂದು ಹೆಸರು. ಆಡುವವರು ಬಯಲಿನಲ್ಲಿರುತ್ತಾರೆ, ಅವರನ್ನು ಕಾಗದದ ಮೇಲೆ ತಮ್ಮ ತಮ್ಮ ತಂಡಕ್ಕೆ ಹಂಚಿಕೊಂಡು, ಅವರು ಓಡಿದ ಗಜಗಳನ್ನು ತಮ್ಮ ಅಂಕವೆಂದು ಲೆಕ್ಕ ಹಾಕುವವರು ಮನೆಯ ಸೋಫಾದ ಮೇಲಿರುತ್ತಾರೆ. ಅದರಲ್ಲೂ ಡೈನಸ್ಟಿ ಎಂಬ ಪಂಗಡದವರು ಒಮ್ಮೆ ಹಿಡಿದ ಆಟಗಾರನನ್ನು ವರ್ಷ ಕಳೆದರೂ ಬಿಡುವುದಿಲ್ಲ. ಹಾಗಾಗಿ ದೊಡ್ಡವರ ಆಟದಲ್ಲಿ ಇನ್ನೂ ಒಂದು ಚೆಂಡೂ ಹಿಡಿಯದ ಇಪ್ಪತ್ತೊಂದರ ಹುಡುಗನಿಗೆ ಮೂವತ್ತರ ಸಾಧಕನಿಗಿಂತ ಹೆಚ್ಚಿನ ಬೆಲೆ ಬರುತ್ತದೆ. ‘ಮುಂದಿನ ವರ್ಷದ ಹೊಸ ಹುಡುಗರಲ್ಲಿ ಮೊದಲ ಆಯ್ಕೆ ನಿಮಗೇ’ ಎಂಬ ಬರಿಯ ಮಾತನ್ನೂ ಅವರು ಕೊಡುಕೊಳ್ಳುವಿಕೆಯ ಸರಕು ಮಾಡಿಕೊಂಡಿದ್ದಾರೆ.

ಅವರ ಅನುಭವದಿಂದ ನಾವು ಕಲಿಯಬೇಕಾದ್ದು ಉಂಟು. 2020ರಲ್ಲಿ ಅಲ್ಲಿನ ವೃತ್ತಿಪರ ತಂಡಗಳು ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತಿದ್ದಾಗ 21ನೆಯ ಸರದಿ ಫಿಲಡೆಲ್ಫಿಯಾದ್ದು. ಅವರು ಜೇಲನ್ ರೇಗರ್ ಎಂಬ ರಿಸೀವರನನ್ನು ಕರೆದರು. 22ನೆಯ ಸರದಿಯ ಮಿನ್ನೆಸೋಟದವರಿಗೆ ಜಸ್ಟಿನ್ ಜೆಫರ್ಸನ್ ಉಳಿದ. ಜೆಫರ್ಸನ್ ಮೊದಲ ವರ್ಷವೇ 1400 ಗಜ ಗಳಿಸಿ ಮುಂದೆ ಆ ಆಟದ ದೊಡ್ಡ ಹೆಸರಾದ. ಫಿಲಡೆಲ್ಫಿಯಾದವರಿಗೆ ಆದದ್ದು, ಬಸ್ಸಿನಿಂದ ಮೊದಲು ಇಳಿದ ಹುಡುಗನನ್ನೇ ಬೈಕಿಗೆ ಹತ್ತಿಸಿಕೊಂಡು ಹೊರಟ ನಮ್ಮೂರಿನ ಎಷ್ಟೋ ಯಜಮಾನರಿಗೂ ಆಗಿದೆ. ಮರುವರ್ಷ ಜಾಮಾರ್ ಚೇಸ್ ಎಂಬವನು ಋತು ಶುರುವಾಗುವ ಮೊದಲಿನ ಪಂದ್ಯಗಳಲ್ಲಿ ಚೆಂಡನ್ನು ಮೇಲಿಂದ ಮೇಲೆ ಕೈಬಿಟ್ಟ. ಕೇಳಿದ್ದಕ್ಕೆ, ಕಾಲೇಜಿನ ಚೆಂಡಿಗೆ ಬಿಳಿ ಪಟ್ಟಿ ಇತ್ತು, ಇದಕ್ಕಿಲ್ಲ, ಕಣ್ಣಿಗೆ ಸಿಗುತ್ತಿಲ್ಲ ಎಂಬ ಸಮಜಾಯಿಷಿ ಕೊಟ್ಟ. ಜನ ನಕ್ಕರು. ಅದೇ ವರ್ಷ 1455 ಗಜ ಗಳಿಸಿದ. ಆದ್ದರಿಂದ ‘ಹಗ್ಗ ಹೊಸದು ಅಯ್ಯ, ನೈಲಾನಿಂದು, ಕೈ ಸುಡ್ತದೆ’ ಎಂದು ಹುಡುಗ ಹೇಳಿದರೆ ನಗಬಾರದು. ಹಳೆಯ ಹಗ್ಗ ತಂದುಕೊಡಬೇಕು.

ಇನ್ನು ಪ್ರಮಾಣಗಳು. ಪ್ರತ್ಯಕ್ಷ ಎಂದರೆ ಅಂಗೈ ನೋಡುವುದೆಂದು ಪ್ರಾಚೀನರ ಮತ. ಅಲ್ಲಿ ಹಗ್ಗದ ಗೆರೆ ಮೂಡಿರಬೇಕು. ನವೀನರು ಇದನ್ನು ಒಪ್ಪುವುದಿಲ್ಲ. ಮೇಲೆ ಕತ್ತಿ ಬಿದ್ದ ಸದ್ದಿಗೆ ಹುಡುಗನ ಕಾಲು ಎತ್ತ ಹೋಗುತ್ತದೆಂದು ನೋಡಬೇಕು ಎನ್ನುತ್ತಾರೆ ಅವರು: ಹಿಂದಕ್ಕೆ ಹೋದರೆ ಹಗ್ಗ ಬಿಗಿಯಾಗುತ್ತದೆ, ಒಳ್ಳೆಯದು, ಪಕ್ಕಕ್ಕೆ ಹೋದರೆ ಹುಡುಗ ಬದುಕುತ್ತಾನೆ, ಕೊನೆ ಹೋಗುತ್ತದೆ. ಅನುಮಾನಕ್ಕೆ ವ್ಯಾಪ್ತಿ ಬೇಕು. ‘ಎಲ್ಲೆಲ್ಲಿ ಕಂತಿನ ಬೈಕೋ ಅಲ್ಲಲ್ಲಿ ಸೋಮವಾರದ ಹಾಜರಿ’ ಎಂಬುದು ಮೂರೂ ತಾಲ್ಲೂಕುಗಳಲ್ಲಿ ಪರೀಕ್ಷಿತವಾದ ವ್ಯಾಪ್ತಿ. ಅಪ್ಪನೇ ಕಂತು ಕಟ್ಟುವ ಮನೆಗಳಲ್ಲಿ ಮಾತ್ರ ಇದು ಹೇತ್ವಾಭಾಸವಾಗುತ್ತದೆ. ಉಪಮಾನದಿಂದ ಯಾರಿಗೂ ಉಪಯೋಗವಾದದ್ದು ಕಾಣೆ.

ಉಳಿದದ್ದು ಶಬ್ದ ಪ್ರಮಾಣ, ಎಂದರೆ ಪಕ್ಕದ ತೋಟದವರ ಮಾತು. ಇದನ್ನು ಓದುವುದಕ್ಕೆ ತುಸು ಸಾಧನೆ ಬೇಕು. ‘ಆ ಹುಡುಗನಾ? ಬೇಡ ಬಿಡಿ ಭಟ್ರೆ, ಮಹಾ ಸೋಮಾರಿ, ಬೆಳಿಗ್ಗೆ ಹತ್ತಕ್ಕೆ ಬರ್ತಾನೆ’ ಎಂದರೆ, ಬರುವ ವಾರ ಅವನು ಅವರ ತೋಟಕ್ಕೆ ಗೊತ್ತಾಗಿದ್ದಾನೆ ಎಂದು ಅರ್ಥ. ‘ಚಿನ್ನದಂಥ ಹುಡುಗ, ನಿಮ್ಮಲ್ಲಿಗೇ ಕಳಿಸ್ತೀನಿ’ ಎಂದರೆ ನಿನ್ನೆ ತಾನೇ ಜಗಳವಾಗಿದೆ. ಏನೂ ಹೇಳದೆ ‘ಕಾಫಿ ಕುಡಿದು ಹೋಗಿ’ ಎಂದರೆ ಹುಡುಗ ಒಳಗೆ ಅಡುಗೆಮನೆಯ ಜಗಲಿಯಲ್ಲೇ ಕೂತು ದೋಸೆ ತಿನ್ನುತ್ತಿದ್ದಾನೆ.

ದೇಶಭೇದದಿಂದ ಮೌಲ್ಯಭೇದ. ತುಂಗೆಯ ಬದಿಯ ಶೃಂಗೇರಿ ಸೀಮೆಯಲ್ಲಿ ತೋಟಗಳು ಗುಡ್ಡಗಳ ನಡುವಿನ ಕಣಿವೆಯಲ್ಲಿವೆ. ಹಳೆಯ ತೋಟಗಳಲ್ಲಿ ಮರಗಳು ಬೆಳಕಿಗಾಗಿ ಎದ್ದು ಎದ್ದು ಸಿಕ್ಕಾಪಟ್ಟೆ ಎತ್ತರವಾಗಿವೆ. ಸಾಲದ್ದಕ್ಕೆ ಶೃಂಗೇರಿ, ಕೊಪ್ಪಗಳಿಗೆ ಹಳದಿ ಎಲೆ ರೋಗ ದಶಕಗಳ ನೆಂಟ. ರೋಗ ಹಿಡಿದ ಮರದ ತುದಿ ಸೊರಗುತ್ತದೆ, ಹತ್ತುವವನು ನಂಬುವುದಿಲ್ಲ, ಹತ್ತಿದರೂ ಸಿಗುವ ಕೊನೆ ಬಡಕಲು. ಇಂಥಲ್ಲಿ ಪಳಗಿದ ಹುಡುಗನನ್ನು ನರಸಿಂಹರಾಜಪುರದ ಕಡೆ, ಗದ್ದೆ ಮುಚ್ಚಿ ಹಾಕಿದ ಸಮತಟ್ಟಿನ ಹೊಸ ತೋಟಕ್ಕೆ ಬಿಟ್ಟರೆ ಅವನಿಗೆ ಅದು ರಜೆ. ಆದ್ದರಿಂದ ಒಬ್ಬ ಶೃಂಗೇರಿಯ ಹುಡುಗನಿಗೆ ಒಂದೂವರೆ ನರಸಿಂಹರಾಜಪುರದ ಹುಡುಗರೆಂದು ಶೃಂಗೇರಿಯವರ ಪಕ್ಷ. ಅರ್ಧ ಹುಡುಗನನ್ನು ಕಳಿಸುವ ಬಗೆ ತಿಳಿಸಿದರೆ ಒಪ್ಪುತ್ತೇವೆಂದು ನರಸಿಂಹರಾಜಪುರದವರ ಉತ್ತರಪಕ್ಷ. ಕೊಪ್ಪದವರು ನಡುವೆ ಇದ್ದಾರೆ, ಎರಡೂ ಕಡೆಯ ಹುಡುಗರು ಬಸ್ಸು ಬದಲಿಸುವುದು ಅಲ್ಲೇ ಆದ್ದರಿಂದ ಅವರಿಗೆ ಸಿದ್ಧಾಂತದ ಗೊಡವೆ ಇಲ್ಲ.

ಕೊಡುಕೊಳ್ಳುವಿಕೆಗೆ ಮಲೆನಾಡಿನಲ್ಲಿ ಮುಯ್ಯಾಳು ಎಂಬ ಹಳೆಯ ಪದ್ಧತಿ ಉಂಟು: ಇವತ್ತು ನಿಮ್ಮವರು ನಮ್ಮಲ್ಲಿಗೆ, ನಾಳೆ ನಮ್ಮವರು ನಿಮ್ಮಲ್ಲಿಗೆ. ಆಳಿಗೆ ಆಳು, ದಿನಕ್ಕೆ ದಿನ. ಈಗ ಅದರ ಬೀಜಗಣಿತ ಬೆಳೆದಿದೆ. ಇತ್ತೀಚಿನ ಒಂದು ಒಪ್ಪಂದ ಹೀಗಿತ್ತು: ಹಗ್ಗದ ಹುಡುಗ ಎರಡು ದಿನ, ಅದಕ್ಕೆ ಬದಲಾಗಿ ಸುಲಿಯುವ ಯಂತ್ರ ಮೂರು ದಿನ, ಮಳೆಗಾಲದಲ್ಲಿ ಔಷಧಿ ಹೊಡೆಯಲು ಡ್ರಮ್ಮು ಎರಡು, ಮತ್ತು ಬರುವ ವರ್ಷದ ಎರಡನೇ ಕೊಯ್ಲಿನಲ್ಲಿ ಮೊದಲ ಸರದಿ. ಈ ಕೊನೆಯ ಅಂಶವೇ ಅಪಾಯದ್ದು. ಬರುವ ವರ್ಷದ ಸರದಿಯೆಂದರೆ ಕೊಳೆರೋಗ ಬಾರದಿದ್ದರೆ ಎಂದು ಅರ್ಥ. ಕೆನಡಾದಿಂದ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನುಹತ್ತಿ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಳತೆ ಅಂದಿನಿಂದ ಗೊತ್ತಿದೆ. ಅದನ್ನು ಮರದ ತುದಿಗೆ ತಲುಪಿಸುವಾಗ ಕೆಳಗೆ ನಿಂತು ಪೈಪು ಹಿಡಿಯುವವನೂ ಇದೇ ಹುಡುಗ. ಹೀಗಾಗಿ ಹುಡುಗನನ್ನು ಪಡೆಯಲು ಕೊಟ್ಟ ಭವಿಷ್ಯದ ಸರದಿಯ ಬೆಲೆ ಹುಡುಗ ಸಿಗುವುದರ ಮೇಲೆಯೇ ನಿಂತಿದೆ. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ಚೇಣಿದಾರರು ವ್ಯಾಪಾರ ಎನ್ನುತ್ತಾರೆ. ಅವರು ಮರದ ಮೇಲಿನ ಫಸಲನ್ನೇ ಕೊಂಡು, ಹುಡುಗರ ಚಿಂತೆಯನ್ನೂ ಸೇರಿಸಿ ಒಯ್ಯುತ್ತಾರೆ. ಅವರ ಬಳಿ ಹುಡುಗರು ಹೇಗೆ ಸಿಗುತ್ತಾರೆಂಬುದು ಉಪನಿಷತ್ತಿನಷ್ಟೇ ಗೂಢ.

ವಂಶಪಕ್ಷ ಎಂದೊಂದಿದೆ, ಅದನ್ನು ಖಂಡಿಸದೆ ಮುಂದೆ ಹೋಗುವಂತಿಲ್ಲ. ‘ಇವನಪ್ಪ ನಮ್ಮಲ್ಲೇ ಕೊನೆ ತೆಗೀತಿದ್ದ, ಇವನಜ್ಜ ನಮ್ಮ ಒಕ್ಕಲು, ಇವನು ಎಲ್ಲಿಗೆ ಹೋಗ್ತಾನೆ?’ ಎಂದು ಜಗಲಿಯಲ್ಲಿ ಕೂತು ಹೇಳುವುದೇ ವಂಶಪಕ್ಷ. ಅಮೆರಿಕದವರ ಡೈನಸ್ಟಿಗೂ ಇದಕ್ಕೂ ಒಂದೇ ವ್ಯತ್ಯಾಸ, ಅವರದು ಆಟವೆಂದು ಅವರಿಗೆ ಗೊತ್ತಿದೆ. 1974ರ ಮಾರ್ಚ್ 1ಕ್ಕೆ ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು, ಉಳುವವನಿಗೆ ಹೋಗುವ ದಾರಿ ತೆರೆಯಿತು. ದೇವರಾಜ ಅರಸರ ಕಾಲದ ಆ ಕಾನೂನಿನಿಂದ ಈ ಹುಡುಗನ ಅಜ್ಜನಿಗೆ ಗದ್ದೆ ಬಂತು. ಅಪ್ಪ ಅದರಲ್ಲಿ ಅಡಿಕೆ ಸಸಿ ನೆಟ್ಟ. ಈಗ ಮರ ಕೊನೆ ಬಿಟ್ಟಿದೆ. ನಮ್ಮ ಎರಡನೇ ಕೊಯ್ಲಿನ ವಾರವೇ ಅವನದ್ದೂ ಎರಡನೇ ಕೊಯ್ಲು. ‘ಭಟ್ರೆ, ಬರೋ ವಾರ ಆಗ್ಲಿಕ್ಕಿಲ್ಲ, ನಮ್ಮ ತೋಟದ್ದೇ ಉಂಟು. ನಿಮ್ಮ ಮನೇಲಿ ಯಾರಾದ್ರೂ ಹಗ್ಗ ಹಿಡಿಯೋರು ಇದ್ರೆ ಕಳ್ಸಿ, ಮುಯ್ಯಿ ತೀರಿಸ್ತೀನಿ’ ಎಂದು ಫೋನಿನಲ್ಲಿ ಹೇಳಿದರೆ ವಂಶಪಕ್ಷ ಅಲ್ಲಿಗೆ ನಿರಸ್ತ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದು ಸಂಶೋಧನೆಯ ನಡುವೆ ಹೊರಬಿತ್ತು. ಹುಡುಗರಲ್ಲೂ ಒಂದು ಮೌಲ್ಯಪಟ್ಟಿ ಇದೆ, ಅದರಲ್ಲಿರುವುದು ನಾವು. ಅವರ ಶಾಸ್ತ್ರ ನಮ್ಮದಕ್ಕಿಂತ ಮುಂದುವರಿದದ್ದು. ಅವರ ವಾಟ್ಸಾಪ್ ಗುಂಪಿನಲ್ಲಿ ತೋಟದ ಇಳಿಜಾರು, ತೋಟದಲ್ಲಿ ಸಿಗ್ನಲ್ ಇದೆಯೋ ಇಲ್ಲವೋ, ಸಂಜೆ ಲೆಕ್ಕ ಅವತ್ತೇ ಆಗುತ್ತದೋ ‘ಶನಿವಾರ ನೋಡೋಣ ಮಾರಾಯ’ ಆಗುತ್ತದೋ, ಎಲ್ಲಕ್ಕೂ ದರ್ಜೆ ಇದೆ. ನಾವು ಅಡಿಕೆಯನ್ನು ಮೇಲಿನಿಂದ ಕೆಳಕ್ಕೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವ ಹಾಗೆಯೇ ಅವರು ಮನೆಗಳನ್ನು ವಿಂಗಡಿಸಿದ್ದಾರೆ. ಯಜಮಾನರು ಪಕ್ಕದಲ್ಲೇ ನಿಂತು ಉದುರಿದ ಕಾಯಿ ಎಣಿಸುವ ಮನೆಗಳೆಲ್ಲ ಗೊರಬಲು. ತಿಂಡಿಗೆ ಎಲ್ಲಕ್ಕಿಂತ ಹೆಚ್ಚು ಅಂಕ. ದಿನವೂ ಉಪ್ಪಿಟ್ಟು ಹಾಕುವ ಮನೆ ಎಷ್ಟೇ ಕೂಲಿ ಕೊಟ್ಟರೂ ರಾಶಿಯಿಂದ ಮೇಲಕ್ಕೇರಿದ್ದಿಲ್ಲ. ಕಡುಬು, ಕೋಳಿಸಾರಿನ ಗೌಡರ ಮನೆಯೊಂದು ವರ್ಷಗಳಿಂದ ಸರಕಿನಲ್ಲೇ ಕೂತಿದೆ. ಈ ಗ್ರಂಥಕರ್ತನ ಮನೆಯ ದರ್ಜೆ ಗುಂಪಿನಲ್ಲಿ ಇತ್ತೀಚೆಗೆ ಒಂದು ಮೆಟ್ಟಿಲು ಏರಿದೆ. ಕಾರಣ ವಿಚಾರಿಸಿದರೆ, ಅಮ್ಮ ಮಾಡಿದ ಹಲಸಿನಹಣ್ಣಿನ ಮುಳ್ಕ ಎಂದು ತಿಳಿಯಿತು. ಗ್ರಂಥದ ಪ್ರಸ್ತಾಪವೇ ಇರಲಿಲ್ಲ.

ಇನ್ನು ಕಾರ್ಬನ್ ಫೈಬರ್ ದೋಟಿ. ಒಂದರೊಳಗೊಂದು ಸೇರುವ ಹಗುರ ಕೊಳವೆ, ಎಳೆದರೆ ಮರದ ತುದಿ ಮುಟ್ಟುತ್ತದೆ. ನೆಲದ ಮೇಲೆ ನಿಂತೇ ಕೊನೆ ತೆಗೆಯಬಹುದು, ಔಷಧಿಯನ್ನೂ ಹೊಡೆಯಬಹುದು. ಇದು ಬಂದ ಮೇಲೆ ಹಗ್ಗಧಾರಿಯ ಬೆಲೆ ಕುಸಿಯುತ್ತದೆಂದು ಕೆಲವು ನವೀನರು ತಮ್ಮ ಹುಡುಗರನ್ನು ಆತುರದಿಂದ ಬಿಟ್ಟುಕೊಟ್ಟರು. ಆದದ್ದು ಬೇರೆ. ದೋಟಿಯಿಂದ ಕತ್ತರಿಸಿದ ಕೊನೆ ಹಗ್ಗವಿಲ್ಲದೆ ನೇರ ಕೆಳಗೆ ಬೀಳುತ್ತದೆ, ಬಲೆ ಹಿಡಿದು ಸರಿಯಾದ ಜಾಗಕ್ಕೆ ಓಡುವವರು ಬೇಕು. ಓಡುತ್ತ ಮೇಲೆ ನೋಡುತ್ತ ಹಿಡಿಯುವುದೆಂದರೆ ಸಾಕ್ಷಾತ್ ಅಮೆರಿಕದ ಆಟವೇ. ಬಿಟ್ಟುಕೊಟ್ಟವರು ಈಗ ಮೂರು ದಿನದ ಯಂತ್ರ, ಎರಡು ಡ್ರಮ್ಮು ಹಿಡಿದುಕೊಂಡು ಅದೇ ಹುಡುಗರ ಮನೆಗಳಿಗೆ ಅಲೆಯುತ್ತಿದ್ದಾರೆ.

ಫಲಶ್ರುತಿ. ಈ ಮೀಮಾಂಸೆಯನ್ನು ಚೌತಿಗೆ ಮೊದಲು ಓದಿದವರಿಗೆ ಮೊದಲ ಕೊಯ್ಲಿಗೆ ಹುಡುಗ ಸಿಗುತ್ತಾನೆ. ದೀಪಾವಳಿಯೊಳಗೆ ಓದಿದವರಿಗೆ ಹುಡುಗನ ಫೋನ್ ನಂಬರ್ ಸಿಗುತ್ತದೆ. ಸಂಕ್ರಾಂತಿಯ ನಂತರ ಓದಿದವರಿಗೆ ಹಣ್ಣಡಿಕೆ ಹೆಕ್ಕುವುದಕ್ಕೆ ಬೇಕಾದ ತಾಳ್ಮೆ ದೊರಕುತ್ತದೆ. ಹುಡುಗರ ಎದುರು ಗಟ್ಟಿಯಾಗಿ ಪಾರಾಯಣ ಮಾಡಿದವರಿಗೆ ಮರುದಿನದಿಂದ ಕೂಲಿ ನೂರು ರೂಪಾಯಿ ಏರುತ್ತದೆ. ಹಾಗೆ ಮಾಡಿದವರೊಬ್ಬರು ನಮ್ಮ ಬೇಲಿಯಾಚೆಗೇ ಇದ್ದಾರೆ, ಏರಿದ ಕೂಲಿ ಈಗ ನಮಗೂ ಅನ್ವಯ.