ಫ್ರಿಜ್ ಬಾಗಿಲ ಶಾಸನ: ಒಂದು ಪುನರ್ವಿಮರ್ಶೆ

ಹಲ್ಮಿಡಿ ಶಾಸನವನ್ನು (ಸುಮಾರು ಕ್ರಿ.ಶ. 450) ಭಾಷೆಯ ದೃಷ್ಟಿಯಿಂದ ನೋಡಿದ ವಿದ್ವಾಂಸರು ಬಹಳ, ರಿಯಲ್ ಎಸ್ಟೇಟ್ ದೃಷ್ಟಿಯಿಂದ ನೋಡಿದವರು ವಿರಳ. ಕಾಳಗದಲ್ಲಿ ಪರಾಕ್ರಮ ತೋರಿದ ವಿಜಅರಸನಿಗೆ ಎರಡು ಹಳ್ಳಿ ಬರೆದುಕೊಟ್ಟು, ಇದನ್ನು ಅಳಿಸಿದವನಿಗೆ ಮಹಾಪಾತಕ ತಟ್ಟಲಿ ಎಂದು ಅಲ್ಲಿ ಕೆತ್ತಿದ್ದಾರೆ. ಅಂದರೆ ಕನ್ನಡಿಗ ಉಳಿ ಹಿಡಿದು ಮೊದಮೊದಲು ಬರೆದದ್ದು ಕಾವ್ಯವಲ್ಲ, ಆಸ್ತಿ ಪತ್ರ. ಈ ಪರಂಪರೆಯ ತೀರಾ ಈಚಿನ ಕೊಂಡಿಯೊಂದು ಬೆಂಗಳೂರಿನ ಹನುಮಂತನಗರದ ಬಾಡಿಗೆ ಮನೆಯೊಂದರಲ್ಲಿ ದೊರೆತಿದೆ. ಅದನ್ನು ವಿದ್ವಲ್ಲೋಕದ ಅವಗಾಹನೆಗೆ ತರುವುದೇ ಪ್ರಸ್ತುತ ಸಂಪ್ರಬಂಧದ ಉದ್ದೇಶ.

ಶಾಸನವಿರುವುದು ಸೆಕೆಂಡ್ ಹ್ಯಾಂಡ್ ಫ್ರಿಜ್ಜೊಂದರ ಬಾಗಿಲ ಮೇಲೆ. ಕ್ಯಾಲೆಂಡರಿನ ಹಿಂಬದಿಯ ನಾಲ್ಕು ಹಾಳೆಗಳು, ಒಂದು ಗಣಪತಿ ಮ್ಯಾಗ್ನೆಟ್ಟು. ಬರೆದ ಕೈಗಳು ಮೂರು. ಅಕ್ಷರದ ಧಾಟಿಯನ್ನು ಅನುಸರಿಸಿ ಅವನ್ನು ವಕ್ರಹಸ್ತ, ದುಂಡುಹಸ್ತ, ಕಿರುಹಸ್ತ ಎಂದು ಕರೆದಿದ್ದೇನೆ. ಕಿರುಹಸ್ತ ಪ್ರಸ್ತುತ ಲೇಖಕನೇ ಎಂಬ ಗುಸುಗುಸು ಇದೆ. ಚರ್ಚೆಗೆ ಅದು ಅನಗತ್ಯ.

ಒಂದನೆಯ ಹಾಳೆ ಪ್ರಾಚೀನ ಸ್ತರ. ಇದರಲ್ಲಿ ಹಾಲಿನ ಪ್ಯಾಕೆಟ್ಟಿನ ಚಕ್ಕುಬಂದಿ ಇದೆ: ಪೂರ್ವಕ್ಕೆ ಮೊಸರಿನ ಪಾತ್ರೆ, ಪಶ್ಚಿಮಕ್ಕೆ ಅರ್ಧ ನಿಂಬೆಹಣ್ಣು, ಮೇಲಕ್ಕೆ ಐಸು, ಕೆಳಕ್ಕೆ ಯಾರದೋ ತೊಂಡೆಕಾಯಿ. ಶಾಪಾಶಯವೂ ಉಂಟು: ‘ಕೇಳದೆ ಕುಡಿದವನು ನಾಳೆ ಐದು ಗಂಟೆಗೆ ಎದ್ದು ಮೋಟರ್ ಹಾಕತಕ್ಕದ್ದು.’ ಹಳೆಯ ಶಾಸನಗಳಲ್ಲಿ ಭೂಮಿ ಕಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳವಾಗಿ ಹುಟ್ಟುತ್ತಾನೆ ಎಂದಿರುವುದನ್ನು ನೆನೆದರೆ ಇದು ಉದಾರವೇ. ಆದರೆ ಹುಳ ಐದು ಗಂಟೆಗೆ ಏಳಬೇಕಿಲ್ಲ.

ಎರಡನೆಯ ಹಾಳೆಯ ಕಾಲಗಣನೆ ಸ್ವಲ್ಪ ತೊಡಕಿನದು. ಬಾಡಿಗೆದಾರರ ವರ್ಷಕ್ಕೆ ಹನ್ನೊಂದೇ ತಿಂಗಳು. ಚಾಂದ್ರಮಾನಕ್ಕೂ ಸೌರಮಾನಕ್ಕೂ ಸೇರದ ಈ ಕರಾರುಮಾನದ ಮೂಲ ಆಕಾಶದಲ್ಲಿಲ್ಲ, 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಲ್ಲಿದೆ. ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ಹನ್ನೊಂದು ತಿಂಗಳಿಗಾದರೆ ಛಾಪಾಕಾಗದ, ಎರಡು ಸಾಕ್ಷಿ, ಒಂದು ಕಾಫಿ. ನಮ್ಮ ಲಿಪಿಕಾರರು ಈಗ ಏಳನೇ ಕರಾರುವರ್ಷದಲ್ಲಿದ್ದಾರೆ. 28,000ಕ್ಕೆ ಶುರುವಾದ ಬಾಡಿಗೆ ಸಲಕ್ಕೆ ಶೇ. 5 ಏರಿ 37,500ಕ್ಕೆ ನಿಂತಿದೆ, ತಲೆಗೆ 12,500. ರುಜು ಹಾಕುವಾಗಲೆಲ್ಲ ಮೇಲಿನ ಮನೆಯ ಓನರ್ ಆಂಟಿಯದು ಒಂದೇ ಮಾತು: “ಯಾರಿಗಾದ್ರೂ ಮದ್ವೆ ಗೊತ್ತಾದ್ರೆ ಮೊದ್ಲೇ ಹೇಳ್ಬಿಡ್ರಪ್ಪ.” ಇದುವರೆಗೆ ಹೇಳುವ ಪ್ರಸಂಗ ಬಂದಿಲ್ಲ.

ಮೂರನೆಯ ಹಾಳೆಯೇ ಈ ಶಾಸನದ ಜೀವ. ವಕ್ರಹಸ್ತನ ಪೂರ್ವಪಕ್ಷ ಹೀಗಿದೆ: ‘ಫ್ಲ್ಯಾಟು 1 ಕೋಟಿ. ಬ್ಯಾಂಕು 75 ಲಕ್ಷ. ಕೈಯಿಂದ 25. ಸ್ಟಾಂಪು 5, ರಿಜಿಸ್ಟ್ರೇಷನ್ 2. ಸೆಸ್ಸು ಗಿಸ್ಸು ಬೇರೆ.’ ಇಲ್ಲಿ ‘2’ ಎಂಬ ಅಂಕಿಯನ್ನು ಗಮನಿಸಬೇಕು. ಮೊದಲು ‘1’ ಎಂದಿದ್ದು, ಅದನ್ನು ಉಜ್ಜಿ ತಿದ್ದಲಾಗಿದೆ. ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದ್ದು 2025ರ ಆಗಸ್ಟ್ 31ರಂದು. ಆದ್ದರಿಂದ ಬರಹ ಅದಕ್ಕೂ ಹಿಂದಿನದು, ತಿದ್ದುಪಡಿ ಆಮೇಲಿನದು. ಇಡೀ ಶಾಸನದಲ್ಲಿ ಕಾಲ ಖಚಿತವಾಗುವುದು ಇದೊಂದೇ ಕಡೆ. ಉಜ್ಜಿದ ಜಾಗದಲ್ಲಿ ಹಾಳೆ ತೂತಾಗಿರುವುದು ಲಿಪಿಕಾರನ ಮನಃಸ್ಥಿತಿಗೆ ಆಧಾರ.

ಪೂರ್ವಪಕ್ಷಕ್ಕೆ ಆಪ್ತವಾಕ್ಯದ ಬಲವೂ ಇದೆ. ಭಾನುವಾರ ಬೆಳಿಗ್ಗೆ ಹಾಸನದಿಂದ ಫೋನಿನಲ್ಲಿ ಬಂದದ್ದು: ‘ಬಾಡಿಗೆ ಕಟ್ಟೋದು ಹೊಳೇಲಿ ಹುಣಸೆಹಣ್ಣು ತೊಳ್ದಂಗೆ ಕಣೋ.’ ಅಮ್ಮನ ಮಾತಿಗೆ ಎದುರಾಡುವ ಧೈರ್ಯ ಭಾಷ್ಯಕಾರರಿಗೆ ಇರುವುದಿಲ್ಲ. ದುಂಡುಹಸ್ತನಿಗೆ ಇತ್ತು, ಅವನಿಗೆ ಕ್ಯಾಲ್ಕುಲೇಟರ್ ಸಿಕ್ಕಿತ್ತು. ‘20 ವರ್ಷ, ಶೇ. 8.5. ತಿಂಗಳ ಕಂತು 65,087. ಮೊದಲನೇ ಕಂತಿನಲ್ಲಿ ಬಡ್ಡಿ 53,125, ಅಸಲು 11,962. ತೀರುವಷ್ಟರಲ್ಲಿ ಒಟ್ಟು 1.56 ಕೋಟಿ.’ ಕೆಳಗೆ ಎರಡೆರಡು ಗೆರೆ ಎಳೆದು: ‘ಅಮ್ಮನಿಗೆ ಹೇಳು, ಇದು ಬ್ಯಾಂಕಿನ ಹೊಳೆ. ಹುಣಸೆಹಣ್ಣೂ ಅವರದೇ.’

ಇದಕ್ಕೆ ವಕ್ರಹಸ್ತನ ಉತ್ತರ ಮೂರೇ ಅಕ್ಷರ: ‘ಆದರೂ’. ಮನೆ ಕೊಂಡವರೆಲ್ಲರ ತರ್ಕಶಾಸ್ತ್ರ ಈ ಪದದ ಮೇಲೆ ನಿಂತಿದೆ ಎಂಬುದು ನನ್ನ ನಮ್ರ ಅಭಿಪ್ರಾಯ.

ನಡುವೆ ಒಂದು ಕ್ಷೇತ್ರಕಾರ್ಯವೂ ನಡೆಯಿತು. ಕನಕಪುರ ರಸ್ತೆಯ ಆಚೆ ಮೂರು ಫ್ಲ್ಯಾಟು ನೋಡಿ ಬಂದರು. ಬೆಂಗಳೂರಿನಲ್ಲಿ ಎ ಖಾತಾ, ಬಿ ಖಾತಾ ಎಂಬೆರಡು ಮತಗಳಿರುವುದು ಎಲ್ಲರಿಗೂ ಗೊತ್ತು. ಬ್ರೋಕರುಗಳದು ಮೂರನೆಯ ಮತ, ‘ಆಗುತ್ತೆ ಸಾರ್’ ಎಂಬುದು. ಮೆಟ್ರೋ? ಆಗುತ್ತೆ ಸಾರ್. ಕಾವೇರಿ ನೀರು? ಆಗುತ್ತೆ ಸಾರ್. ಎ ಖಾತಾ? ಅದೂ ಆಗುತ್ತೆ ಸಾರ್. ಈ ಮತಕ್ಕೆ ಭವಿಷ್ಯತ್ಕಾಲ ಬಿಟ್ಟರೆ ಬೇರೆ ಕಾಲಗಳಿಲ್ಲ.

ಹಾಳೆಯ ಅಂಚಿನಲ್ಲಿ, ಬಹುಶಃ ರಾತ್ರಿ ಊಟವಾದ ಮೇಲೆ, ವಕ್ರಹಸ್ತ ಹೊಸ ಸಿದ್ಧಾಂತವೊಂದನ್ನು ಮಂಡಿಸಿದ್ದಾನೆ: ‘ನಾನೊಬ್ಬನೇ ತಗೋತೀನಿ. ನೀವಿಬ್ಬರೂ ಅಲ್ಲಿಗೇ ಬನ್ನಿ. ಈಗ ಕೊಡೋದೇ ಕೊಡಿ, ಆಂಟಿ ಬದಲು ನಂಗೆ.’ ಮೇಲುನೋಟಕ್ಕೆ ದೋಷವೇ ಕಾಣದ ಸಿದ್ಧಾಂತ. ಅದೇ ಮೂವರು, ಅದೇ 12,500, ಅದೇ ಮಿಕ್ಸಿ. ಕಂತಿನ ಹೊರೆಯೂ ಅವನಿಗೆ 40,087ಕ್ಕೆ ಇಳಿಯುತ್ತದೆ.

ದುಂಡುಹಸ್ತ ಕೆಳಗೆ ಒಂದು ಪ್ರಶ್ನೆ ಬರೆದ: ‘ಅಡ್ವಾನ್ಸ್ ಎಷ್ಟು ತಿಂಗಳದ್ದು?’ ಅದು ತಮಾಷೆ. ವಕ್ರಹಸ್ತ ನಗುವ ಮುಖ ಬರೆದಿದ್ದಾನೆ. ಕಿರುಹಸ್ತ ಕೇಳಿದ: ‘ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳು ಹಿಡೀತೀಯಾ?’ ಅದಕ್ಕೂ ನಗುವ ಮುಖ, ಆದರೆ ಸ್ವಲ್ಪ ಚಿಕ್ಕದು. ಆಮೇಲೆ ದುಂಡುಹಸ್ತ: ‘ಮೊಳೆ ಹೊಡೀಬಹುದಾ?’

ಇದಕ್ಕೆ ಉತ್ತರ ಬೇರೆ ಶಾಯಿಯಲ್ಲಿದೆ, ಎರಡು ದಿನ ಬಿಟ್ಟು ಬರೆದದ್ದು: ‘ಕೇಳಿ ಹೊಡೀರಿ.’

ಪಾಳೇಗಾರಿಕೆ ಹುಟ್ಟಿದ್ದು ಹೇಗೆ ಎಂದು ಚರಿತ್ರಕಾರರು ಗ್ರಂಥಗಳನ್ನೇ ಬರೆದಿದ್ದಾರೆ. ನಾನು ಅದು ಹುಟ್ಟುವುದನ್ನು ಎರಡು ಪದಗಳಲ್ಲಿ, ಕೊತ್ತಂಬರಿ ಸೊಪ್ಪಿನ ಲೆಕ್ಕದ ಪಕ್ಕದಲ್ಲಿ ಕಂಡೆ. ಫ್ಲ್ಯಾಟು ಇನ್ನೂ ಕೊಂಡಿಲ್ಲ, ಗೋಡೆ ಇನ್ನೂ ಎದ್ದಿಲ್ಲ, ಮೊಳೆ ಅಂಗಡಿಯಲ್ಲಿದೆ. ಅಷ್ಟರಲ್ಲೇ ಒಬ್ಬ ಓನರ್, ಇಬ್ಬರು ಒಕ್ಕಲು. ಆ ವಾರ ಹಾಳೆಯಲ್ಲಿ ಯಾರೂ ಏನೂ ಬರೆದಂತಿಲ್ಲ. ಹಾಲಿನ ಲೆಕ್ಕವೂ ಇಲ್ಲ.

ನಾಲ್ಕನೆಯ ಹಾಳೆಯ ಶೀರ್ಷಿಕೆ ‘ಅಕಸ್ಮಾತ್ ಖಾಲಿ ಮಾಡಿದರೆ’. ಇದೊಂದು ಹಿಸ್ಸೆ ಪತ್ರ. ಮಿಕ್ಸಿ ವಕ್ರಹಸ್ತನಿಗೆ (ಅವರಮ್ಮ ಕೊಟ್ಟದ್ದು). ಗ್ಯಾಸ್ ಒಲೆ ದುಂಡುಹಸ್ತನಿಗೆ. ಇಡ್ಲಿ ಪಾತ್ರೆ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಅಲುಗಾಡುವ ಟೀಪಾಯಿ ಕಿರುಹಸ್ತನಿಗೆ. ಟೀಪಾಯಿ ಬೇಡವೆಂದು ಅವನ ಷರಾ ಇದೆ. ಮೂವರೂ ತಲಾ 3,000 ಹಾಕಿ ಕೊಂಡ ಫ್ರಿಜ್ಜೊಂದೇ ಜಂಟಿ ಸ್ವತ್ತು, ಈ ಮನೆಯಲ್ಲಿ ಮೂವರು ಸೇರಿ ಇದುವರೆಗೆ ಕೊಂಡಿರುವ ಏಕೈಕ ಆಸ್ತಿ. ಅದರ ಮುಂದೆ ‘ಮಾರಿ ಮೂರು ಪಾಲು’ ಎಂದು ದುಂಡಾಗಿ ಬರೆದದ್ದನ್ನು ವಕ್ರವಾಗಿ ಹೊಡೆದುಹಾಕಲಾಗಿದೆ. ‘ನನ್ನ ಫ್ಲ್ಯಾಟಿಗೆ’ ಎಂದು ವಕ್ರವಾಗಿ ಬರೆದದ್ದನ್ನೂ ಹೊಡೆದುಹಾಕಲಾಗಿದೆ. ಹೊಡೆದ ಗೆರೆಯೂ ವಕ್ರವೇ, ಅಂದರೆ ಬರೆದವನೇ ಹೊಡೆದದ್ದು. ಅದರ ಕೆಳಗೆ ‘ಫ್ರಿಜ್’ ಎಂದು ಮತ್ತೆ ಬರೆದು ಒಂದು ಅಡ್ಡಗೆರೆ ಎಳೆದಿದ್ದಾರೆ. ಕೈ ಯಾರದೆಂದು ನಿರ್ಧರಿಸಲಾಗುತ್ತಿಲ್ಲ. ಬಾಗಿಲ ತೇವಕ್ಕೆ ಶಾಯಿ ಹರಡಿದೆ.

ಮುಂದೆ ಶಾಸನ ತ್ರುಟಿತ.